ಹತ್ತು ಪರ್ಸೆಂಟಿನ ಒಳಗೆ ಬಂದರೆ ಕೃತಿಚೌರ್ಯ ಅಲ್ಲವೇ?

ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯಲ್ಲಾಗಲಿ ಮಣಿಪಾಲದಲ್ಲಾಗಲಿ, ಥೀಸಿಸ್ ಸಲ್ಲಿಸುವ ದಿನ ಹತ್ತಿರ ಬಂದರೆ ಸಂಶೋಧನಾ ವಿದ್ಯಾರ್ಥಿಗಳು ಪರಸ್ಪರ ಕೇಳುವ ಪ್ರಶ್ನೆ ಒಂದೇ. "ನಿನ್ನದು ಎಷ್ಟು ಪರ್ಸೆಂಟ್ ಬಂತು ಮಾರಾಯ?" ಬೇರೆಯವರ ಬರಹಗಳ ಜೊತೆ ಸಾಫ್ಟ್‌ವೇರ್ ತೋರಿಸುವ ಹೋಲಿಕೆ ಹತ್ತರ ಒಳಗಿದ್ದರೆ ಜೀವ ನಿರಾಳ. ಇಪ್ಪತ್ತು ದಾಟಿದರೆ ಗಾಬರಿ. ಆಮೇಲೆ ಶುರುವಾಗುವುದು ಪದ ಬದಲಿಸುವ ಕೆಲಸ. "ಮುಖ್ಯ" ಇದ್ದಲ್ಲಿ "ಪ್ರಮುಖ" ಬರುತ್ತದೆ, "ಹೀಗಾಗಿ" ಇದ್ದಲ್ಲಿ "ಆದ್ದರಿಂದ" ಬರುತ್ತದೆ. ವಾಕ್ಯಗಳು ಹಿಂದುಮುಂದಾಗುತ್ತವೆ. ಅಂಕಿ ಇಳಿಯುತ್ತದೆ. ಯಾರ ಮಾತನ್ನು ಎತ್ತಿಕೊಂಡದ್ದೋ ಅವರ ಹೆಸರು ಮಾತ್ರ ಆಗಲೂ ಎಲ್ಲೂ ಬರುವುದಿಲ್ಲ.

ಕೃತಿಚೌರ್ಯದ ಬಗ್ಗೆ ನಮ್ಮ ಕಾಲೇಜುಗಳಲ್ಲಿ ನಡೆಯುವ ಮಾತೆಲ್ಲ ಈ ಅಂಕಿಯ ಸುತ್ತ ಸಿಕ್ಕಿಹಾಕಿಕೊಂಡಿದೆ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಅಂಕಿ ಇಳಿಸುವುದನ್ನು ಕಲಿತ ವಿದ್ಯಾರ್ಥಿ ತಾನು ಪ್ರಾಮಾಣಿಕ ಎಂದೇ ನಂಬಿಕೊಂಡು ಹೊರಗೆ ಹೋಗುತ್ತಾನೆ. ಹಾಗೆ ನಂಬುವಂತೆ ಮಾಡಿದ್ದು ನಾವು, ಅಂದರೆ ಕಲಿಸುವವರು.

2018ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ತಂದ ನಿಯಮದಲ್ಲಿ ಕೃತಿಚೌರ್ಯದ ಅರ್ಥ ಒಂದೇ ವಾಕ್ಯದಲ್ಲಿದೆ. ಬೇರೆಯವರ ಕೆಲಸವನ್ನೋ ವಿಚಾರವನ್ನೋ ತೆಗೆದುಕೊಂಡು ಅದನ್ನು ತನ್ನದೆಂದು ತೋರಿಸಿಕೊಳ್ಳುವುದು. ಇದರಲ್ಲಿ ಎರಡು ಕೆಲಸಗಳಿವೆ, ಗಮನಿಸಿ. ಒಂದು, ತೆಗೆದುಕೊಳ್ಳುವುದು. ಇನ್ನೊಂದು, ತನ್ನದೆಂದು ತೋರಿಸುವುದು. ತಪ್ಪಿರುವುದು ಎರಡನೆಯದರಲ್ಲಿ. ಮೊದಲನೆಯದು ತಪ್ಪೇ ಆಗಿದ್ದರೆ ಜಗತ್ತಿನಲ್ಲಿ ಯಾವ ಪುಸ್ತಕವೂ ಹುಟ್ಟುತ್ತಿರಲಿಲ್ಲ.

ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಹೊರತಂದ ಕಿಟೆಲ್ ಅವರ ಕನ್ನಡ ನಿಘಂಟನ್ನೇ ತೆಗೆದು ನೋಡಿ. ಅದರಲ್ಲಿರುವ ಪದಗಳನ್ನು ಕಿಟೆಲ್ ಹುಟ್ಟಿಸಿದ್ದಲ್ಲ. ಹಳೆಯ ಕಾವ್ಯ, ವ್ಯಾಕರಣ, ಗಾದೆ, ಜನರ ಮಾತು, ಎಲ್ಲ ಕಡೆಯಿಂದಲೂ ಅವರು ತೆಗೆದುಕೊಂಡರು. ಆದರೆ ಯಾವ ಪದ, ಯಾವ ಪ್ರಯೋಗ ಎಲ್ಲಿಂದ ಬಂತು ಎಂಬುದಕ್ಕೆ ಪುಟಪುಟದಲ್ಲೂ ಸಂಕ್ಷೇಪಾಕ್ಷರದ ಗುರುತು ಇದೆ. ಓದುವವರು ಬೇಕಾದರೆ ಮೂಲಕ್ಕೆ ಹೋಗಿ ನೋಡಬಹುದು. ಇಡೀ ನಿಘಂಟು ಬೇರೆಯವರಿಂದ ಪಡೆದದ್ದು, ಆದರೂ ಅದು ಅಪ್ಪಟ ಸ್ವಂತ ಕೆಲಸ. ಈ ಮಾತು ಅರ್ಥವಾದರೆ ಕೃತಿಚೌರ್ಯದ ಅರ್ಧ ಗೊಂದಲ ಪರಿಹಾರವಾದ ಹಾಗೆ.

ಈಗ ಆ ಪರ್ಸೆಂಟಿಗೆ ಬರೋಣ. ಯುಜಿಸಿ ನಿಯಮದಲ್ಲಿ ನಾಲ್ಕು ಹಂತಗಳಿವೆ. ಹೋಲಿಕೆ ಶೇ. 10ರ ವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರ ನಡುವೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಆರು ತಿಂಗಳು ಮೀರದ ಗಡುವು. 40ರಿಂದ 60 ಆದರೆ ತಿದ್ದಿದ ಪ್ರತಿಯನ್ನು ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರು ಪ್ರಕಟಿಸಿದ ಬರಹಗಳಿಗೂ ಇದೇ ಹಂತಗಳಿವೆ. ಅಲ್ಲಿ ಲೇಖನ ಹಿಂತೆಗೆದುಕೊಳ್ಳಬೇಕು. ತಪ್ಪು ದೊಡ್ಡದಾದರೆ ಒಂದು ಅಥವಾ ಎರಡು ವಾರ್ಷಿಕ ಇನ್‌ಕ್ರಿಮೆಂಟ್ ಹೋಗುತ್ತದೆ, ಎರಡು ಅಥವಾ ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. ಪದವಿ ಸಿಕ್ಕಿದ ಮೇಲೆ ವಿಷಯ ಹೊರಬಂದರೂ ಬಿಡುಗಡೆ ಇಲ್ಲ. ಸಮಿತಿ ಹೇಳಿದಷ್ಟು ಕಾಲ ಆ ಪದವಿಯನ್ನು ಅಮಾನತಿನಲ್ಲಿ ಇಡಬಹುದು.

ಲೆಕ್ಕ ಹಾಕುವಾಗ ಬಿಡಬೇಕಾದ ಭಾಗಗಳನ್ನೂ ನಿಯಮ ಹೇಳಿದೆ. ಮೂಲ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ, ಕಾನೂನಿನ ಪಠ್ಯ, ಎಲ್ಲರೂ ಬಳಸುವ ಸೂತ್ರಗಳು ಲೆಕ್ಕಕ್ಕಿಲ್ಲ. ಸಾಮಾನ್ಯ ತಿಳಿವಳಿಕೆಯ ಮಾತು ಅಥವಾ ಆಕಸ್ಮಿಕ ಹೋಲಿಕೆ ಸತತ 14 ಪದಗಳ ವರೆಗೆ ಇದ್ದರೆ ಅದೂ ಇಲ್ಲ. ಆರೋಪ ಬಂದರೆ ಮೊದಲು ವಿಭಾಗದ ಮಟ್ಟದ ಸಮಿತಿ, ನಂತರ ಸಂಸ್ಥೆಯ ಮಟ್ಟದ ಸಮಿತಿ ವಿಚಾರಿಸಬೇಕು. ಅಂದರೆ ತೀರ್ಪು ಕೊಡುವುದು ಮನುಷ್ಯರು, ಸಾಫ್ಟ್‌ವೇರ್ ಅಲ್ಲ. ಇದನ್ನು ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ ಎಂಬುದು ಬೇರೆ ಮಾತು. ಹತ್ತು ಪರ್ಸೆಂಟ್ ಎಂಬ ಗೆರೆ ಬಂದದ್ದು ಸಣ್ಣಪುಟ್ಟ ಹೋಲಿಕೆಗೆ ಯಾರನ್ನೂ ಪೀಡಿಸಬಾರದು ಎಂದು. ನಾವು ಅದನ್ನು "ಹತ್ತು ಪರ್ಸೆಂಟ್ ಕಾಪಿ ಹೊಡೆಯಬಹುದು" ಎಂದು ಓದಿಕೊಂಡೆವು. ಇನ್ನೂರು ಪುಟದ ಥೀಸಿಸ್ಸಿನಲ್ಲಿ ಹತ್ತು ಪರ್ಸೆಂಟ್ ಅಂದರೆ ಇಪ್ಪತ್ತು ಪುಟ. ಆ ಇಪ್ಪತ್ತು ಪುಟದಲ್ಲೇ ಸಂಶೋಧನೆಯ ತಿರುಳು ಇದ್ದರೆ?

ಕನ್ನಡದಲ್ಲಿ ಬರೆದ ಥೀಸಿಸ್ಸಿನ ಮಟ್ಟಿಗೆ ಈ ಅಂಕಿಯನ್ನು ನಂಬುವುದು ಇನ್ನೂ ಕಷ್ಟ. ಸಾಫ್ಟ್‌ವೇರ್ ಮಾಡುವುದು ಇಷ್ಟೇ. ತನ್ನ ಬಳಿ ಇರುವ ಪಠ್ಯಗಳ ಜೊತೆ ನಿಮ್ಮ ಪಠ್ಯವನ್ನು ಹೋಲಿಸಿ, ಎಲ್ಲೆಲ್ಲಿ ಒಂದೇ ಥರ ಇದೆ ಎಂದು ತೋರಿಸುತ್ತದೆ. ಅದರ ಬಳಿ ಇಲ್ಲದ ಪುಸ್ತಕದಿಂದ ಇಡೀ ಅಧ್ಯಾಯ ಎತ್ತಿದರೂ ಅದಕ್ಕೆ ತಿಳಿಯುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಸಣ್ಣ ಪ್ರಕಾಶನಗಳು, ಸಂಘಸಂಸ್ಥೆಗಳು ದಶಕಗಳ ಹಿಂದೆ ಅಚ್ಚು ಹಾಕಿಸಿದ ಪುಸ್ತಕಗಳು, ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು ಎಷ್ಟಿವೆ! ಭೂತಾರಾಧನೆ, ಯಕ್ಷಗಾನ, ಸ್ಥಳನಾಮ, ಗೇಣಿ ಪದ್ಧತಿ, ಹೀಗೆ ಏನೇ ವಿಷಯ ತೆಗೆದುಕೊಂಡರೂ ಒಳ್ಳೆಯ ಮಾಹಿತಿ ಅಲ್ಲಿ ಇರುತ್ತದೆ. ಅವುಗಳಲ್ಲಿ ಬಹಳಷ್ಟು ಲೈಬ್ರರಿಯ ಕಪಾಟಿನಲ್ಲಿ ಮಾತ್ರ ಇವೆ, ಕಂಪ್ಯೂಟರಿನಲ್ಲಿ ಇಲ್ಲ. ಅಲ್ಲಿಂದ ಪುಟಗಟ್ಟಲೆ ನಕಲು ಮಾಡಿದವನ ರಿಪೋರ್ಟು ಸ್ವಚ್ಛವಾಗಿ ಬರಬಹುದು. ಕವಿ ಪಂಜೆ ಮಂಗೇಶರಾಯರ ನಾಲ್ಕು ಪದ್ಯಗಳನ್ನು ಹೆಸರು ಹೇಳಿಯೇ ಉದ್ಧರಿಸಿದವಳ ರಿಪೋರ್ಟಿನಲ್ಲಿ, ಉದ್ಧರಣೆಯನ್ನು ಬಿಟ್ಟು ಲೆಕ್ಕ ಹಾಕದಿದ್ದರೆ, ಕೆಂಪು ಗೆರೆಗಳು ತುಂಬಿರುತ್ತವೆ.

ಇನ್ನೊಂದು ವಿಷಯ ಡಿಟಿಪಿ ಮಾಡುವವರಿಗೆ ಚೆನ್ನಾಗಿ ಗೊತ್ತು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಕಂಪ್ಯೂಟರ್ ಕನ್ನಡವೆಂದೇ ಓದುವ ಯೂನಿಕೋಡಿನಲ್ಲಿ ಇರುವ ಅದೇ ವಾಕ್ಯವನ್ನು ಇದರ ಪಕ್ಕದಲ್ಲಿ ಇಟ್ಟರೆ ಯಂತ್ರಕ್ಕೆ ಎರಡೂ ಬೇರೆಬೇರೆ. ಹಾಗಾಗಿ ಥೀಸಿಸ್ಸನ್ನು ಯೂನಿಕೋಡಿಗೆ ಬದಲಿಸದೆ ಪರೀಕ್ಷೆಗೆ ಹಾಕಿದರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ಫಲಿತಾಂಶದ ಹಾಳೆಗೆ ಮಾತ್ರ ಸಹಿ ಬೀಳುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಕಿಂಡಿ ಅನುವಾದ. ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತಂದು ಕೆಳಗೆ ತನ್ನ ಹೆಸರು ಬರೆದರೆ ಹೋಲಿಕೆ ಸಿಗುವುದು ಅಪರೂಪ. ಕನ್ನಡದ ಒಳ್ಳೆಯ ಲೇಖನವನ್ನು ಇಂಗ್ಲಿಷಿಗೆ ಮಾಡಿ ಸೆಮಿನಾರಿನಲ್ಲಿ ಓದಿದರೂ ಹಾಗೇ. ಈಗ ಅನುವಾದವನ್ನು ಫೋನೇ ಮಾಡಿಕೊಡುತ್ತದೆ. "ನಾನು ಅನುವಾದ ಮಾಡಿದ್ದೇನಲ್ಲ, ಅದೂ ಕೆಲಸವೇ ಅಲ್ವಾ?" ಎಂದು ಕೇಳುವವರು ಇದ್ದಾರೆ. ಹೌದು, ಕೆಲಸವೇ. ಅದಕ್ಕೆ "ಅನುವಾದ" ಎಂದು ಬರೆದು, ಮೂಲ ಲೇಖಕರ ಹೆಸರು ಹಾಕಿದರೆ ಗೌರವವೂ ಸಿಗುತ್ತದೆ. ಕಾನೂನಿನ ಕಣ್ಣಿನಲ್ಲಿ ಅನುವಾದದ ಹಕ್ಕು ಮೂಲ ಲೇಖಕರದ್ದು ಎಂಬುದೂ ನೆನಪಿರಲಿ. ಹಕ್ಕುಸ್ವಾಮ್ಯದ ಅವಧಿ ಮುಗಿಯದ ಕೃತಿಯನ್ನು ಒಪ್ಪಿಗೆ ಇಲ್ಲದೆ ಅನುವಾದಿಸಿ ಪ್ರಕಟಿಸಿದರೆ, ಹೆಸರು ಹಾಕಿದರೂ ತೊಂದರೆ ಆಗಬಹುದು.

ಅಂಕಿ ಇಳಿಸಲು ಪದ ಬದಲಿಸುವ ಹುಚ್ಚು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2021ರಲ್ಲಿ ಗಿಯೋಮ್ ಕಬನಾಕ್ ಎಂಬ ಫ್ರಾನ್ಸಿನ ವಿಜ್ಞಾನಿ ಮತ್ತು ಅವರ ಜೊತೆಗಾರರು ವಿಜ್ಞಾನ ಪತ್ರಿಕೆಗಳಲ್ಲಿ ವಿಚಿತ್ರ ಪದಗಳನ್ನು ಗುರುತಿಸಿದರು. ಸ್ತನ ಕ್ಯಾನ್ಸರ್ ಎಂದು ಇರಬೇಕಾದಲ್ಲಿ ಎದೆಯ ಅಪಾಯ ಎಂಬ ಅರ್ಥದ ಮಾತು. ಕೃತಕ ಬುದ್ಧಿಮತ್ತೆ ಎಂದು ಇರಬೇಕಾದಲ್ಲಿ ನಕಲಿ ಪ್ರಜ್ಞೆ. ಯಾರದೋ ಲೇಖನವನ್ನು ಪದ ಬದಲಿಸುವ ಸಾಫ್ಟ್‌ವೇರಿಗೆ ಹಾಕಿದಾಗ ಹೀಗಾಗುತ್ತದೆ. ಅಂಥ ಲೇಖನಗಳು ಪರಿಶೀಲನೆಯನ್ನೂ ದಾಟಿ ಅಚ್ಚಾಗಿದ್ದವು. ವೈದ್ಯಕೀಯ ವಿಷಯದಲ್ಲಿ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಅದನ್ನು ಓದಿ ಮುಂದಿನ ಸಂಶೋಧನೆ ಮಾಡುವವರು ಇರುತ್ತಾರೆ, ಆ ಸಂಶೋಧನೆಯ ಕೊನೆಯಲ್ಲಿ ರೋಗಿ ಇರುತ್ತಾರೆ.

ಕೃತಿಚೌರ್ಯಕ್ಕೆ ಜೈಲು ಇದೆಯೇ ಎಂದು ಅನೇಕರು ಕೇಳುತ್ತಾರೆ. ನೇರ ಉತ್ತರ: ಕೃತಿಚೌರ್ಯ ಎಂಬ ಹೆಸರಿನ ಅಪರಾಧ ನಮ್ಮ ಕಾನೂನಿನಲ್ಲಿ ಇಲ್ಲ. ಇರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಇವೆರಡೂ ಒಂದೇ ಅಲ್ಲ. ಈ ವ್ಯತ್ಯಾಸ ತಿಳಿಯಲು ಉಡುಪಿಯಲ್ಲೇ ಶುರುವಾಗಿ ಸುಪ್ರೀಂ ಕೋರ್ಟಿನ ವರೆಗೆ ಹೋದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕೋಟ ಶಿವರಾಮ ಕಾರಂತರು ಸಾಂಪ್ರದಾಯಿಕ ಯಕ್ಷಗಾನವನ್ನು ಬೆಳೆಸಿ ಯಕ್ಷರಂಗ ಎಂಬ ಹೊಸ ರೂಪ ಕಟ್ಟಿದ್ದು ನಮ್ಮವರಿಗೆಲ್ಲ ಗೊತ್ತು. ಅದಕ್ಕಾಗಿ ಅವರು ಅಭಿಮನ್ಯು ವಧೆ, ನಳ ದಮಯಂತಿ, ಪಂಚವಟಿ ಮುಂತಾದ ಏಳು ಪ್ರಸಂಗಗಳನ್ನು ಸಿದ್ಧಪಡಿಸಿದ್ದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ನಡೆಸುತ್ತಿದ್ದ ಉಡುಪಿಯ ಯಕ್ಷಗಾನ ಕೇಂದ್ರದ ಜೊತೆ ಅವರು ಕೆಲಸ ಮಾಡಿದ್ದರು. 1994ರಲ್ಲಿ ಕಾರಂತರು ಉಯಿಲು ಬರೆದು ತಮ್ಮ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೆ ಕೊಟ್ಟರು. 1997ರ ಡಿಸೆಂಬರಿನಲ್ಲಿ ಕಾರಂತರು ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಅಭಿಮನ್ಯು ವಧೆಯ ಪ್ರದರ್ಶನ ನಡೆಯಿತು. ತನ್ನ ಒಪ್ಪಿಗೆ ಇಲ್ಲದೆ ಇದು ನಡೆದಿದೆ ಎಂದು ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು.

ಅಕಾಡೆಮಿಯ ವಾದಕ್ಕೂ ಒಂದು ತರ್ಕ ಇತ್ತು. ಕಾರಂತರು ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಸಂಸ್ಥೆಯ ನೆರವಿನಿಂದ ಬೆಳೆದ ಕೆಲಸ ಇದು, ಹಾಗಾಗಿ ಹಕ್ಕು ಸಂಸ್ಥೆಯದ್ದು ಎಂದು ಅವರು ಹೇಳಿದರು. ಜಿಲ್ಲಾ ನ್ಯಾಯಾಲಯ ಇದನ್ನು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಲ್ಯರ ಹಕ್ಕನ್ನು ಉಳಿಸಿತು. ಜೊತೆಗೆ ಒಂದು ಮುಖ್ಯ ಮಾತನ್ನು ಸೇರಿಸಿತು. ಕಾಯ್ದೆಯ 52ನೇ ಸೆಕ್ಷನ್ ಕೊಡುವ ವಿನಾಯಿತಿಗಳನ್ನು, ಪ್ರದರ್ಶನದ ಮೇಲೆ ಕೋರ್ಟ್ ಹಾಕಿದ ತಡೆಯಾಜ್ಞೆ ಕಿತ್ತುಕೊಳ್ಳುವಂತಿಲ್ಲ, ಅವುಗಳ ಪ್ರಯೋಜನವನ್ನು ಅಕಾಡೆಮಿಯೂ ಪಡೆಯಬಹುದು ಎಂದಿತು.

ಆ ವಿನಾಯಿತಿ ನಮ್ಮ ಊರುಗಳಿಗೆ ಬಹಳ ಬೇಕಾದದ್ದು. ಶಿಕ್ಷಣ ಸಂಸ್ಥೆಯೊಂದರ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಅಧ್ಯಾಪಕರು ಆಡುವ ಆಟಕ್ಕೆ, ನೋಡುವವರು ಆ ಸಂಸ್ಥೆಯವರು ಮತ್ತು ಹೆತ್ತವರೇ ಆಗಿದ್ದರೆ, ಒಪ್ಪಿಗೆ ಬೇಡ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ದೇವಸ್ಥಾನದ ಸಹಾಯಾರ್ಥ ಆಡಿದರೆ, ಅದಕ್ಕೂ ವಿನಾಯಿತಿ ಇದೆ. ಶಾಲೆಯ ವಾರ್ಷಿಕೋತ್ಸವ, ಜಾತ್ರೆ, ಗಣೇಶೋತ್ಸವದ ವೇದಿಕೆಗಳಲ್ಲಿ ಮಕ್ಕಳು ಆಟ ಆಡುವ ನಮ್ಮ ರೂಢಿ ಇದರಿಂದ ಉಳಿಯುತ್ತದೆ.

ಈ ಪ್ರಕರಣದಲ್ಲಿ ಕೃತಿಚೌರ್ಯ ಎಲ್ಲಿದೆ? ಎಲ್ಲೂ ಇಲ್ಲ. ಯಕ್ಷರಂಗ ಕಾರಂತರದ್ದಲ್ಲ ಎಂದು ಯಾರೂ ಸುಳ್ಳು ಹೇಳಿರಲಿಲ್ಲ. ಜಗಳ ಇದ್ದದ್ದು ಪ್ರದರ್ಶಿಸುವ ಹಕ್ಕು ಯಾರದ್ದು ಎಂದು. ಅಂದರೆ ಲೇಖಕರ ಹೆಸರನ್ನು ದೊಡ್ಡದಾಗಿ ಹಾಕಿಯೂ ಹಕ್ಕುಸ್ವಾಮ್ಯ ಮೀರಬಹುದು. ಇದರ ಉಲ್ಟಾ ಕೂಡ ಆಗುತ್ತದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಬದುಕಿದ್ದಾಗ ಪ್ರಕಟಿಸಿದ ಪದ್ಯಗಳನ್ನು ಇಂದು ಯಾರು ಬೇಕಾದರೂ ಅಚ್ಚು ಹಾಕಬಹುದು. 1963ರಲ್ಲಿ ಹೋದ ಮಂಜೇಶ್ವರ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2024ರ ಜನವರಿಯಿಂದ ಎಲ್ಲರಿಗೂ ಮುಕ್ತ. ಕಾರಂತರವು 2057ರ ಕೊನೆಯ ತನಕ ಅಲ್ಲ. ಈಗ ಯಾರಾದರೂ ಗೋವಿಂದ ಪೈಗಳ ಪ್ರಬಂಧವೊಂದನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದರೆ ಹಕ್ಕುಸ್ವಾಮ್ಯದ ಪರಿಹಾರ ಕೇಳಲು ಯಾರೂ ಬರುವುದಿಲ್ಲ. ಆದರೆ ಅದು ಅಪ್ಪಟ ಕೃತಿಚೌರ್ಯ. ಕೆಲಸ ಹೋಗಬಹುದು, ಪದವಿ ಹೋಗಬಹುದು.

ಕಾನೂನು ಇನ್ನೊಂದು ಕಡೆಯೂ ಕೈಬಿಡುತ್ತದೆ. ಅದು ಕಾಪಾಡುವುದು ವಿಚಾರವನ್ನಲ್ಲ, ವಿಚಾರವನ್ನು ಹೇಳಿದ ರೀತಿಯನ್ನು. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕದ ವಸ್ತುವನ್ನು ಹಿಂದಿ ಚಿತ್ರವೊಂದು ಎತ್ತಿಕೊಂಡಿದೆ ಎಂದು ಹೋರಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಕಥೆಯ ವಿಷಯ ಯಾರ ಸ್ವತ್ತೂ ಅಲ್ಲ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂದು ಖಚಿತವಾಗಿ ಅನಿಸಬೇಕು. ಆನಂದ್ ಆ ಮೊಕದ್ದಮೆ ಸೋತರು. ನಮ್ಮ ಕರಾವಳಿಯ ಕಥೆಯುಳ್ಳ ಕಾಂತಾರ ಚಿತ್ರದ ಒಂದು ಹಾಡಿನ ಬಗ್ಗೆ 2022ರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆಕ್ಷೇಪ ಎತ್ತಿ, ವಿಷಯ ಕೋರ್ಟಿಗೆ ಹೋದಾಗ ಇಲ್ಲಿ ಹೋಟೆಲುಗಳಲ್ಲೂ ಬಸ್ಸುಗಳಲ್ಲೂ ಇದೇ ಚರ್ಚೆ ಇತ್ತು. ರಾಗ ಒಂದೇ ಆದರೆ ಅದು ನಕಲು ಆಗುತ್ತದೆಯೇ? ರಾಗ ಯಾರದ್ದೂ ಅಲ್ಲ ಎಂದು ಎರಡೂ ಕಡೆಯವರು ಒಪ್ಪಬಹುದು. ಆ ರಾಗದಲ್ಲಿ ಕಟ್ಟಿದ ಹಾಡು ಮಾತ್ರ ಕಟ್ಟಿದವರದ್ದು. ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಪ್ರತಿ ಪ್ರಕರಣದಲ್ಲೂ ಹೊಸದಾಗಿಯೇ ನೋಡಬೇಕಾಗುತ್ತದೆ.

ಕೋರ್ಟಿಗೆ ಸಂಬಂಧ ಇಲ್ಲದಿದ್ದರೂ ಸಂಶೋಧನೆಯಲ್ಲಿ ವಿಚಾರವೇ ಮುಖ್ಯ. ಗೈಡ್ ಜೊತೆ ಮಾತಾಡುವಾಗ ವಿದ್ಯಾರ್ಥಿನಿ ಒಂದು ಹೊಸ ಹೊಳಹು ಹೇಳುತ್ತಾಳೆ. ಆರು ತಿಂಗಳಲ್ಲಿ ಅದು ಆ ಗೈಡ್ ಬರೆದ ಲೇಖನದಲ್ಲಿ ಕಾಣಿಸುತ್ತದೆ, ಒಂದು ಪದವೂ ಅವಳದ್ದಲ್ಲ. ಹೋಲಿಕೆ ಸೊನ್ನೆ. ಕಾನೂನಿನ ಪ್ರಕಾರ ಏನೂ ಆಗಿಲ್ಲ. ಆದರೂ ಕೃತಿಚೌರ್ಯದಲ್ಲಿ ಇದಕ್ಕಿಂತ ಕೆಟ್ಟದ್ದು ನನಗೆ ಗೊತ್ತಿಲ್ಲ. ಯುಜಿಸಿಯ ವಾಕ್ಯದಲ್ಲಿ "ಕೆಲಸ ಅಥವಾ ವಿಚಾರ" ಎಂದು ಇರುವುದು ಇದಕ್ಕಾಗಿಯೇ. ದುರ್ಬಲರು ದೂರು ಕೊಡಲು ಹೆದರುತ್ತಾರೆ, ಯಾಕೆಂದರೆ ಥೀಸಿಸ್ಸಿಗೆ ಸಹಿ ಹಾಕಬೇಕಾದವರು ಆ ಗೈಡೇ.

ಹಕ್ಕುಸ್ವಾಮ್ಯ ಮೀರಿದರೆ ಆಗುವುದೇನು ಎಂದು ಬೇಗ ಹೇಳುತ್ತೇನೆ. ತಡೆಯಾಜ್ಞೆ, ನಷ್ಟ ಪರಿಹಾರ, ಗಳಿಸಿದ ಲಾಭದ ಲೆಕ್ಕ, ಇವು ಸಿವಿಲ್ ದಾರಿ. ಗೊತ್ತಿದ್ದೂ ಮೀರಿದ್ದರೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದ ವರೆಗೆ ಜೈಲು ಮತ್ತು 50,000 ರೂಪಾಯಿಯಿಂದ 2 ಲಕ್ಷದ ವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆಯೂ ಕ್ರಮ ಕೈಗೊಳ್ಳಬಹುದು, ಇದು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕೃತಿಚೌರ್ಯಕ್ಕೆ ತೀರಾ ಹತ್ತಿರ ಬರುವುದು 57ನೇ ಸೆಕ್ಷನ್. ಹಕ್ಕನ್ನೆಲ್ಲ ಪ್ರಕಾಶಕರಿಗೆ ಮಾರಿದ ಮೇಲೂ "ಇದನ್ನು ಬರೆದದ್ದು ನಾನು" ಎಂದು ಹೇಳಿಕೊಳ್ಳುವ ಹಕ್ಕು ಲೇಖಕರ ಬಳಿಯೇ ಉಳಿಯುತ್ತದೆ. ದುಡ್ಡು ಕೊಟ್ಟು ಪುಸ್ತಕ ಕೊಳ್ಳಬಹುದು, ಕರ್ತೃತ್ವ ಕೊಳ್ಳಲು ಆಗುವುದಿಲ್ಲ.

ಮರ್ಯಾದೆಯ ನಷ್ಟ ಮಾತ್ರ ಯಾವ ಸೆಕ್ಷನ್ನಿನ ಲೆಕ್ಕಕ್ಕೂ ಸಿಗುವುದಿಲ್ಲ. ಜರ್ಮನಿಯ ರಕ್ಷಣಾ ಸಚಿವರಾಗಿದ್ದ ಗುಟೆನ್‌ಬರ್ಗ್ ಅವರ ಡಾಕ್ಟರೇಟನ್ನು ಬೈರಾಯ್ಟ್ ವಿಶ್ವವಿದ್ಯಾಲಯ 2011ರಲ್ಲಿ ಹಿಂದಕ್ಕೆ ಪಡೆಯಿತು, ಅವರು ಸಚಿವ ಸ್ಥಾನ ಬಿಟ್ಟರು. ನಮ್ಮ ದೇಶದಲ್ಲೇ ಕುಮಾವೂ ವಿಶ್ವವಿದ್ಯಾಲಯದ ಕುಲಪತಿಯೊಬ್ಬರು, ಸ್ಟ್ಯಾನ್‌ಫರ್ಡಿನ ಭೌತವಿಜ್ಞಾನಿ ರೆನಾಟಾ ಕಲ್ಲೋಶ್ ಅವರ ಲೇಖನವನ್ನು ನಕಲು ಮಾಡಿದ ಪ್ರಕರಣದಲ್ಲಿ 2003ರಲ್ಲಿ ರಾಜೀನಾಮೆ ಕೊಟ್ಟರು. ಇಬ್ಬರಿಗೂ ಜೈಲಾಗಲಿಲ್ಲ. ಆದರೆ ಇವತ್ತಿಗೂ ಇಬ್ಬರ ಹೆಸರು ತೆಗೆದರೆ ಮೊದಲು ನೆನಪಾಗುವುದು ಇದೇ.

"ನಮ್ಮ ಸಂಪ್ರದಾಯದಲ್ಲಿ ಇದು ನನ್ನದು, ಅದು ನಿನ್ನದು ಎಂಬ ಭಾವನೆಯೇ ಇರಲಿಲ್ಲ, ಕೃತಿಚೌರ್ಯ ಎಂಬುದು ಪಾಶ್ಚಾತ್ಯರ ಕಲ್ಪನೆ" ಎಂಬ ವಾದ ಆಗಾಗ ಕೇಳುತ್ತದೆ. ನಾನಿದನ್ನು ಒಪ್ಪುವುದಿಲ್ಲ. ದಾಸರ ಪದಗಳ ಕೊನೆಗೆ ಅಂಕಿತ ಯಾಕಿದೆ? ಹಯವದನ ಎಂಬ ಅಂಕಿತ ಕೇಳಿದ ಕೂಡಲೇ ಅದು ವಾದಿರಾಜರದ್ದು ಎಂದು ಉಡುಪಿಯ ರಥಬೀದಿಯಲ್ಲಿ ಭಜನೆಗೆ ಕೂತವರು ಹೇಳುತ್ತಾರೆ. ಆ ಪದವನ್ನು ಸಾವಿರ ಜನ ಹಾಡಬಹುದು, ರಾಗ ಬದಲಿಸಬಹುದು. ಅಂಕಿತ ತೆಗೆದು ತನ್ನ ಹೆಸರು ಸೇರಿಸುವಂತಿಲ್ಲ. ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಹಿರಿಯ ಅರ್ಥಧಾರಿಯ ವಾದದ ವರಸೆಯನ್ನು ಕಿರಿಯರು ಬಳಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಎದುರು ಕೂತವರಿಗೆ ಅದು ಎಲ್ಲಿಂದ ಬಂತು ಎಂದು ಗೊತ್ತಿರುತ್ತದೆ. ಅಲ್ಲಿ ಮೋಸ ಹೋಗುವವರು ಯಾರೂ ಇಲ್ಲ. ನಂದಳಿಕೆಯ ಮುದ್ದಣನಂತೂ ಇದರ ಇನ್ನೊಂದು ತುದಿ. ತಾನೇ ಬರೆದ ಕಾವ್ಯವನ್ನು ಹಳೆಯ ಕವಿಯೊಬ್ಬನದು ಎಂದು ಹೇಳಿ ಮೈಸೂರಿಗೆ ಕಳುಹಿಸಿದವನು ಅವನು. ಅವನು ಬದುಕಿದ್ದಾಗ ಆ ಹೆಸರು ಅವನಿಗೆ ಸಿಗಲಿಲ್ಲ. ಆಮೇಲೆ ಕನ್ನಡದ ವಿದ್ವಾಂಸರು ಹುಡುಕಿ, ಆ ಕೃತಿಗಳನ್ನು ಅವನ ಹೆಸರಿಗೇ ಬರೆದರು. ಯಾರದ್ದು ಎಂಬುದು ಮುಖ್ಯವಲ್ಲದಿದ್ದರೆ ಅವರಿಗೆ ಅಷ್ಟು ಕಷ್ಟ ಯಾಕೆ ಬೇಕಿತ್ತು?

ಹೆಸರು ಉಳಿಸುವುದು ಹೇಗೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಮಾದರಿ ಇದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಪಾಡ್ದನ ಎಂಬ ಹಾಡುಗಥೆಯನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಹೊರಬಂತು. ಪುಸ್ತಕದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಹೆಲ್ಸಿಂಕಿಯ ಲೈಬ್ರರಿಯಲ್ಲಿ ಅದನ್ನು ತೆರೆದವರಿಗೂ ಮೊದಲು ಕಾಣುವುದು ಮಾಚಾರಿನ ಒಬ್ಬ ರೈತನ ಹೆಸರು.

ಇದನ್ನು ನಮ್ಮ ಸಾಮಾನ್ಯ ಕ್ಷೇತ್ರಕಾರ್ಯದ ಪಕ್ಕದಲ್ಲಿ ಇಟ್ಟು ನೋಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಪಾಡ್ದನ, ನಾಟಿಮದ್ದು, ಅಡುಗೆ, ಒಗಟು, ಎಲ್ಲ ಥೀಸಿಸ್ಸಿನಲ್ಲಿ ಇರುತ್ತವೆ. ಹೇಳಿದ ಅಜ್ಜಿಯ ಹೆಸರು ಎಷ್ಟೋ ಕಡೆ "ಮಾಹಿತಿದಾರರು" ಎಂಬ ಒಂದು ಪದದೊಳಗೆ ಮುಗಿದುಹೋಗುತ್ತದೆ. ಪಾಡ್ದನ ಜನಪದ, ಅದರ ಹಕ್ಕುಸ್ವಾಮ್ಯ ಯಾರದ್ದೂ ಅಲ್ಲ ಎಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. 2012ರ ತಿದ್ದುಪಡಿಯ ನಂತರ ಕಲಾವಿದರಿಗೆ ತಮ್ಮ ಪ್ರದರ್ಶನದ ಜೊತೆ ಹೆಸರು ಹೇಳಿಸಿಕೊಳ್ಳುವ ಹಕ್ಕು ಕಾಯ್ದೆಯಲ್ಲೇ ಇದೆ. ಆ ಕಾಯ್ದೆಯ ಪ್ರಕಾರ ಹಾಡುವವರು, ಕುಣಿಯುವವರು, ಉಪನ್ಯಾಸ ಕೊಡುವವರು, ಹಾವಾಡಿಗರು ಎಲ್ಲರೂ ಪ್ರದರ್ಶಕರೇ. ಹೆಸರು ಬೇಡ ಎಂದು ಆ ಅಜ್ಜಿಯೇ ಹೇಳಿದರೆ ಬೇರೆ ಮಾತು. ಅವರನ್ನು ಕೇಳದೆ ಬಿಡುವುದು ಸರಿಯಲ್ಲ.

ಥೀಸಿಸ್ ಬರೆಯದವರಿಗೂ ಇದು ತಲುಪುವುದು ವಾಟ್ಸಾಪಿನಲ್ಲಿ. ಬೆಳಗ್ಗೆ ಒಬ್ಬರು ಕಷ್ಟಪಟ್ಟು ಬರೆದದ್ದು ಮಧ್ಯಾಹ್ನಕ್ಕೆ ಹತ್ತು ಗುಂಪು ಸುತ್ತುತ್ತದೆ. ದಾರಿಯಲ್ಲಿ ಎಲ್ಲೋ ಹೆಸರು ಹೋಗುತ್ತದೆ. ಕೆಳಗೆ "ಕೃಪೆ: ವಾಟ್ಸಾಪ್" ಅಥವಾ "ಸಂಗ್ರಹ" ಎಂದು ಬರುತ್ತದೆ. ಕೆಲವೊಮ್ಮೆ ಕಳುಹಿಸಿದವರ ಹೆಸರೇ ಬರುತ್ತದೆ. ಮುಂದಿನ ವಾರ ಅದೇ ಬರಹ ಯಾರದೋ ಯೂಟ್ಯೂಬ್ ಚಾನೆಲ್ಲಿನಲ್ಲಿ ದನಿಯಾಗಿ ಕೇಳುತ್ತದೆ. ಓದಿದವರು ಮೆಚ್ಚಿ ಹಂಚಿದ್ದೇ ಹೊರತು ಕದಿಯಲು ಅಲ್ಲ ಎಂದು ನಾನೂ ನಂಬುತ್ತೇನೆ. ಆದರೆ ಬರೆದವರಿಗೆ ಆದ ನಷ್ಟ ಅಷ್ಟೇ.

ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಯುಜಿಸಿಯ 2018ರ ನಿಯಮದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಯಂತ್ರ ಬರೆದ ಅಸೈನ್‌ಮೆಂಟಿನಲ್ಲಿ ಇಂಥವರ ವಾಕ್ಯ ಎಂದು ಬೊಟ್ಟು ಮಾಡಲು ಆಗದೇ ಇರಬಹುದು. ಹಾಗಾದರೆ ಕದ್ದದ್ದು ಯಾರಿಂದ? ಇಲ್ಲಿ ಆ ಎರಡನೆಯ ಕೆಲಸವನ್ನು ಮತ್ತೆ ನೆನಪಿಸಿಕೊಳ್ಳಬೇಕು, ತನ್ನದೆಂದು ತೋರಿಸುವುದು. ತಾನು ಯೋಚಿಸದ್ದನ್ನು ತಾನೇ ಯೋಚಿಸಿದೆ ಎಂದು ಪರೀಕ್ಷಕರಿಗೆ ಹೇಳುವುದು ಸುಳ್ಳೇ. ಸಂಶೋಧನಾ ಪತ್ರಿಕೆಗಳ ನೈತಿಕತೆಯ ಅಂತರರಾಷ್ಟ್ರೀಯ ಸಮಿತಿ ಕೋಪ್ 2023ರಲ್ಲಿ ಒಂದು ನಿಲುವು ತಳೆಯಿತು. ಎಐಯನ್ನು ಲೇಖಕ ಎಂದು ಹಾಕುವಂತಿಲ್ಲ, ಯಾಕೆಂದರೆ ಬರೆದದ್ದರ ಜವಾಬ್ದಾರಿ ಅದು ಹೊರಲಾರದು. ಬಳಸಿದ್ದರೆ ಎಲ್ಲಿ, ಹೇಗೆ ಎಂದು ಹೇಳಬೇಕು. ನನಗೆ ಇದು ಸರಿ ಅನಿಸುತ್ತದೆ. ಹಾಗೆಂದು ಎಐ ಪತ್ತೆ ಮಾಡುವ ಸಾಫ್ಟ್‌ವೇರ್ ಹೇಳಿತು ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಫೇಲು ಮಾಡುವುದು ಅನ್ಯಾಯ. ಅವು ಮನುಷ್ಯರು ಬರೆದದ್ದನ್ನೂ ಯಂತ್ರದ್ದು ಎನ್ನುತ್ತವೆ.

ಮಕ್ಕಳನ್ನು ಬಯ್ಯುವ ಮೊದಲು ಅವರು ಎಲ್ಲಿಂದ ಬಂದರು ಎಂದು ನೋಡಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮುಂದೆ ನಿಲ್ಲುವ ಜಿಲ್ಲೆಗಳು ನಮ್ಮವು, ಅದಕ್ಕೆ ಹೆಮ್ಮೆಯೂ ಇದೆ. ಆದರೆ ಹನ್ನೆರಡು ವರ್ಷ ನೋಟ್ಸಿನ ಉತ್ತರವನ್ನು ಅಕ್ಷರ ತಪ್ಪದೆ ಬರೆದರೆ ಪೂರ್ತಿ ಅಂಕ ಕೊಟ್ಟವರು ನಾವು. ಗೈಡ್ ಪುಸ್ತಕದ ಪ್ರಬಂಧವನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಮಗುವಿಗೆ "ಭೇಷ್" ಎಂದದ್ದೂ ನಾವು. ಅದೇ ಮಗು ಎಂಎಗೆ ಬಂದಾಗ ಇದ್ದಕ್ಕಿದ್ದಂತೆ "ಇದು ಕಳ್ಳತನ" ಎನ್ನುತ್ತೇವೆ. ಅಡಿಟಿಪ್ಪಣಿ ಹಾಕುವುದು ಹೇಗೆ, ಒಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳಿಯೂ ಅವರ ಹೆಸರು ಹೇಳುವುದು ಹೇಗೆ, ಕನ್ನಡದಲ್ಲಿ ಇದನ್ನು ಕೂತು ಹೇಳಿಕೊಟ್ಟವರು ಎಷ್ಟು ಜನ? ಮೊದಲ ಸೆಮಿಸ್ಟರಿನಲ್ಲೇ ಒಂದು ಲೇಖನ ಕೊಟ್ಟು, ಅದರ ಸಾರಾಂಶವನ್ನು ಪುಸ್ತಕ ಮುಚ್ಚಿ ಬರೆಸಿ, ಎಲ್ಲೆಲ್ಲಿ ಮೂಲದ ಹೆಸರು ಬರಬೇಕು ಎಂದು ಗುರುತು ಹಾಕಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರ್ಸೆಂಟ್ ಕೇಳುವ ಬದಲು ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ, ರೆಕಾರ್ಡಿಂಗು, ಹಳೆಯ ಕರಡುಗಳನ್ನು ಕೇಳಬೇಕು. ನಿಜವಾಗಿ ಕೆಲಸ ಮಾಡಿದವರು ಅವನ್ನು ಖುಷಿಯಿಂದ ತೋರಿಸುತ್ತಾರೆ.

ತಾವು ಬರೆದದ್ದೇ ಕಳವಾದರೆ ಏನು ಮಾಡಬೇಕು ಎಂದು ಕೇಳುವ ಬರಹಗಾರರಿಗೆ ಕೆಲವು ಮಾತು. ಹಕ್ಕುಸ್ವಾಮ್ಯ ಬರೆದ ಕ್ಷಣದಲ್ಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಸಾಕ್ಷಿಗೆ ಅನುಕೂಲ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಮೊದಲು ಪ್ರಕಟವಾದ ಪತ್ರಿಕೆಯ ಪುಟ, ಮೂಲ ಕಡತ, ಸಂಪಾದಕರಿಗೆ ಕಳುಹಿಸಿದ ಇಮೇಲ್ ಇಟ್ಟುಕೊಳ್ಳಿ. ನಕಲಿನ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವ ಹಾಗೆ ತೆಗೆಯಿರಿ, ಅವರು ಅಳಿಸುವ ಮೊದಲೇ. ಪ್ರಕಟಿಸಿದವರಿಗೆ ಒಂದು ಪತ್ರ ಬರೆಯಿರಿ. ಎಷ್ಟೋ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಇಂಟರ್ನೆಟ್ಟಿನಲ್ಲಿ ಇದ್ದರೆ 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದ ಪ್ರಕಾರ ಆ ತಾಣಕ್ಕೆ ಲಿಖಿತ ದೂರು ಕೊಡಬಹುದು. ದೂರು ಸರಿ ಎಂದು ಮನವರಿಕೆಯಾದರೆ ಅವರು 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಅದು ಮತ್ತೆ ಕಾಣಿಸಿಕೊಳ್ಳಬಹುದು. ಮೊಕದ್ದಮೆ ಹೂಡುವುದಿದ್ದರೆ ದೆಹಲಿಗೋ ಬೆಂಗಳೂರಿಗೋ ಓಡಬೇಕೆಂದಿಲ್ಲ. ತಾವು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹಾಕಲು ಕಾಯ್ದೆಯ 62ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ನಕಲು ಮಾಡಿದವರು ಕಾಲೇಜಿನವರಾಗಿದ್ದರೆ ಅವರ ಸಂಸ್ಥೆಯ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿಗೂ ಬರೆಯಿರಿ. ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು, ಸಾಲುಗಳಿಗೆ ಗುರುತು ಹಾಕಿ, ಮೂಲ ಪ್ರಕಟವಾದ ದಿನಾಂಕದ ಜೊತೆ ಕಳುಹಿಸಿ.